ರಾಳದ ಕಂಬದ ಹಿತ್ತಾಳೆ ತಿರುಪು

“ಕೇಳಿರಪ್ಪೋ ಕೇಳಿ! ಅರಸನ ಮಗಳು ಚಂದಲಾದೇವಿ ಹಾಕುವ ಮೂರು ಒಗಟು ಬಿಡಿಸಿದವನಿಗೆ ಆಕೆಯ ಕೈ, ಅರ್ಧ ರಾಜ್ಯ. ತಪ್ಪಿದವನಿಗೆ ರಾಳದ ಕಂಬ!”

ಡಂಗುರ ಕೇಳಿ ಮಾಳಿಂಗನ ಕೈಯ ಸೌಟು ನಿಂತಿತು. ಅಡುಗೆಮನೆಯ ಒಲೆಯಲ್ಲಿ ರಾಳ ಕರಗಿಸಿ, ಅಚ್ಚಿಗೆ ಹೊಯ್ದು, ಪೆಟ್ಟಿಗೆಗಳಿಗೆ ಹಿಡಿ ಮಾಡುವುದು ಅವನ ಕಸುಬು. ಆ ಹಿಡಿಗಳನ್ನು ಸಂತೆಗೆ ಒಯ್ಯುತ್ತಿದ್ದ ಅಣ್ಣ ಬೀರಣ್ಣ, ಹೋದ ತಿಂಗಳು ಒಗಟು ಬಿಡಿಸಲು ಹೋದವನು ಮರಳಿರಲಿಲ್ಲ. ಅಣ್ಣನನ್ನು ಬಿಟ್ಟರೆ ಮಾಳಿಂಗನಿಗೆ ಯಾರೂ ಇಲ್ಲ. ಒಲೆ ಆರಿಸಿ ಹೊರಟ.

ಅರಮನೆಯ ಬಾಗಿಲಲ್ಲಿ ಸೇವಕನೊಬ್ಬ ಅವನ ಹೆಸರು ಕೇಳಿ ಒಳಕ್ಕೆ ಕೂಗಿ ಹೇಳಿ, ಎತ್ತರವನ್ನು ದಾರದಲ್ಲಿ ಅಳೆದುಕೊಂಡ. ಒಳಗೆ ಜೇನುಬಣ್ಣದ ಕಂಬಗಳ ಸಾಲು. ಪ್ರತಿ ಕಂಬದೊಳಗೂ ಒಬ್ಬೊಬ್ಬ ಗಂಡಸು. ಸತ್ತಿಲ್ಲ, ಕಣ್ಣು ಹೊರಳುತ್ತಿವೆ! ಕೊನೆಯ ಕಂಬದಲ್ಲಿ ಬೀರಣ್ಣ.

ಅರಸನ ಪಕ್ಕದಲ್ಲಿ ಚಂದಲಾದೇವಿ ಅಲ್ಲಾಡದೆ ಕೂತಿದ್ದಳು. ಊರವರ ಲೆಕ್ಕದಲ್ಲಿ ನಲವತ್ತು, ಮುಖದಲ್ಲಿ ಹದಿನಾರು. ದನಿ ಕೊಡದೊಳಗಿಂದ ಬಂದಂತಿತ್ತು.

“ನುಣ್ಣಗಿದ್ದರೆ ಕಿತ್ತು ಬರುತ್ತಾನೆ, ಮೈತುಂಬ ಗಾಯವಿದ್ದರೆ ಕದಲುವುದಿಲ್ಲ. ಯಾರು? ಉಂಡರೆ ಕೆಡುವ, ಹಸಿದಿದ್ದರೆ ದುಡಿಯುವ ಬಾಯಿ ಯಾವುದು? ಆನೆ ಎಳೆದರೂ ಬಿಡದ್ದು, ಎರಡು ಬೆರಳಿಗೆ ಬಿಡುತ್ತದೆ. ಏನು?”

ಒಗಟು ಬಿಡಿಸಲು ಬಂದಿದ್ದ ರಾಜಕುಮಾರನೊಬ್ಬ ಮೀಸೆ ತಿರುವಿ, “ಗಾಯಗೊಂಡ ವೀರ” ಎಂದ. ಎಳೆದುಕೊಂಡು ಹೋದರು. ಪಂಡಿತನೊಬ್ಬ, “ಉಪವಾಸದ ಋಷಿಯ ಬಾಯಿ” ಎಂದ. ಅವನನ್ನೂ ಎಳೆದುಕೊಂಡು ಹೋದರು. ಒಳಕೋಣೆಯಿಂದ ರಾಳ ಕುದಿಯುವ ವಾಸನೆ ಬಂತು.

ಆ ವಾಸನೆಗೆ ಮಾಳಿಂಗನಿಗೆ ತನ್ನ ಅಡುಗೆಮನೆ ನೆನಪಾಯಿತು. ಒಮ್ಮೆ ಮೇಣ ಹಚ್ಚಲು ಮರೆತು ನೂರು ಹಿಡಿ ಹಾಳುಮಾಡಿದ್ದ.

“ಮೂರೂ ಒಂದೇ ಮನೆಯವು, ಅಮ್ಮಣ್ಣಿ,” ಎಂದ. “ಮೊದಲನೆಯದು ನಾನು ಹಿಡಿ ಮಾಡುವಾಗ ರಾಳದೊಳಗೆ ಹೂಳೋ ಹಿತ್ತಾಳೆ ನಟ್ಟು. ಅರ ಹಾಕಿ ಮೈ ಗೀರಿದರೇನೇ ರಾಳ ಅದನ್ನು ಹಿಡಿಯೋದು. ಎರಡನೆಯದು ಅದರ ಬಾಯಿ. ಮೇಣ ಒತ್ತಿ ಮುಚ್ಚದಿದ್ದರೆ ರಾಳ ನುಂಗಿ ಕೆಡುತ್ತೆ. ಮೂರನೆಯದು ಆ ಬಾಯಿಗೆ ಕೂರೋ ತಿರುಪು. ಎಳೆದರೆ ಬರಲ್ಲ, ತಿರುಗಿಸಿದರೆ ಬರುತ್ತೆ.”

ಅಷ್ಟು ಹೇಳಿದವನೇ ಅಣ್ಣನ ಕಂಬದ ಬೆನ್ನು ತಡವಿದ. ಅಲಂಕಾರಕ್ಕೆ ಅಂಟಿಸಿದ್ದ ರಾಳದ ಹೂವಿನಡಿ ತಿರುಪುಗಳು ಸಿಕ್ಕವು. ತಿರುಗಿಸಿದ. ಕಂಬ ಎರಡು ಹೋಳಾಗಿ, ಬೀರಣ್ಣ ತಮ್ಮನ ಹೆಗಲ ಮೇಲೆ ಬಿದ್ದು ಮಗುವಿನಂತೆ ಅತ್ತ. ಮಾಳಿಂಗನೂ ಅತ್ತ.

“ಯಾರು ಹೇಳಿಕೊಟ್ಟರೋ ನಿನಗೆ?” ಅರಸ ಕಿರುಚಿದ.

“ನಾನೇ ಅಪ್ಪಾಜಿ, ಒಗಟಿನಲ್ಲೇ, ನಿಮ್ಮೆದುರಿಗೇ,” ಎಂದಳು ಚಂದಲಾದೇವಿ. “ನೀವು ಕಂಬ ಮಾಡಿಸಿದವರು, ಮಾಡಿದವರಲ್ಲ. ಹಾಗಾಗಿ ತಿಳಿಯಲಿಲ್ಲ. ಮಾಳಿಂಗಪ್ಪಾ, ನನ್ನ ಜಡೆ ಎತ್ತಿ ನೋಡು.”

ಜಡೆಯಡಿ ನಾಲ್ಕು ತಿರುಪು! ಮಗಳಿಗೆ ಮುಪ್ಪು ಬರಬಾರದೆಂದು ಅರಸ ಆಕೆಗೂ ರಾಳದ ಚಿಪ್ಪು ತೊಡಿಸಿದ್ದ. ಮಾಳಿಂಗ ಅಣ್ಣನ ಕಡೆ ತಿರುಗಿ ನೋಡಿದ.

“ತಿರುಗಿಸೋ ತಮ್ಮಾ,” ಎಂದ ಬೀರಣ್ಣ. “ಒಳಗಿನ ಸಂಕಟ ನಂಗೊತ್ತು.”

ಚಿಪ್ಪು ಕಳಚಿತು. ನರೆಗೂದಲಿನ ಹೆಂಗಸೊಬ್ಬಳು ಹೊರಬಂದು ಉದ್ದಕ್ಕೆ ಉಸಿರೆಳೆದಳು. ಉಳಿದ ಕಂಬಗಳನ್ನೆಲ್ಲ ಬಿಚ್ಚಿಸಿದಳು.

“ಅರ್ಧ ರಾಜ್ಯ ನಿನ್ನದು. ಕೈಯ ಮಾತು, ನನ್ನ ಕೈ ಬೆಚ್ಚಗಾದ ಮೇಲೆ,” ಎಂದಳು.

ಅಷ್ಟರಲ್ಲಿ ಸೇವಕರು ಮಾಳಿಂಗನ ಅಳತೆಯ ಟೊಳ್ಳು ಕಂಬವನ್ನು ಹೊತ್ತು ತಂದು ಬಾಗಿಲಲ್ಲಿ ನಿಲ್ಲಿಸಿದರು. ಚಂದಲಾದೇವಿ ಅದನ್ನೊಮ್ಮೆ ನೋಡಿದಳು. ಆಮೇಲೆ ಸೇವಕನ ಕೈಯಿಂದ ಅಳತೆಯ ದಾರ ತೆಗೆದುಕೊಂಡು ಅಪ್ಪನ ಕಡೆ ನಡೆದಳು.