ಬೇದಮ್ಮ ಕೆಡವಿಸಿದ ಮನೆ

ಬಹಳ ಹಿಂದೆ, ನಮ್ಮಜ್ಜಿಯ ಅಜ್ಜಿಯೂ ಹುಟ್ಟಿರದ ಕಾಲಕ್ಕೆ, ಈ ಬೆಟ್ಟದ ಬೆನ್ನಿನ ಮೇಲೆ ಹನ್ನೆರಡು ಗುಡಿಸಲಿನ ಒಂದು ಪೋಡು ಇತ್ತಂತೆ. ಕಾಡೊಳಗಿನ ಊರಿಗೆ ನಾವು ಪೋಡು ಅಂತೀವಲ್ಲ, ಅದೇ. ಪಡುವಣ ಕೊನೆಯ ಗುಡಿಸಲು ಬೇದಮ್ಮನದು. ಗಂಡ ಕಟ್ಟಿದ ಮನೆ. ಅವನು ಜೇನು ಕೀಳಲು ಹೋಗಿ ಬಂಡೆಯಿಂದ ಬಿದ್ದು ಸತ್ತಮೇಲೆ ಒಬ್ಬಳೇ ಇದ್ದಳಂತೆ. ಬೆಂಕಿಯ ವಾಸನೆ ಅವಳಿಗೆ ಮೂರು ಬೆಟ್ಟದಾಚೆಯಿಂದಲೇ ತಿಳಿಯುತ್ತಿತ್ತಂತೆ.

ಪ್ರತಿ ವರ್ಷ ಎಲೆ ಉದುರಿದ ಹೊಸದರಲ್ಲೇ ಪೋಡಿನವರೆಲ್ಲ ಸೇರಿ ಸುತ್ತಲಿನ ತರಗು ಗುಡಿಸಿ, ಇಬ್ಬನಿಯ ಹಸಿ ಇರುವಾಗಲೇ ಸುಟ್ಟುಬಿಡುತ್ತಿದ್ದರು. ಆ ವರ್ಷ ಬಿದಿರು ಹೂಬಿಟ್ಟು ಸತ್ತಿತು. ನೆಲದ ತುಂಬ ಬಿದಿರಕ್ಕಿ. ಎಲ್ಲರೂ ಅಕ್ಕಿ ಬಾಚಲು ಓಡಿದರು, ತರಗು ಬಿದ್ದಲ್ಲೇ ಬಿತ್ತು. ಬೇದಮ್ಮ ಮನೆಮನೆಗೆ ಹೋಗಿ ಹೇಳಿದಳಂತೆ. ನಾಳೆ ನೋಡೋಣ ಅಂದರಂತೆ.

ಒಂದು ಮಧ್ಯಾಹ್ನ ಹಕ್ಕಿಗಳೆಲ್ಲ ಒಂದೇ ದಿಕ್ಕಿಗೆ ಹಾರಿದವು. ಹಿಂದೆಯೇ ಪಡುವಣದಿಂದ ಹೊಗೆ. ಒಣಬಿದಿರು ಕೋವಿ ಹೊಡೆದ ಹಾಗೆ ಸಿಡಿಯುತ್ತಿತ್ತಂತೆ. ಹಳ್ಳಕ್ಕೆ ಓಡೋಣ ಅಂದರು ಜನ. ಆದರೆ ಯಜಮಾನ ಅಚ್ಚುಗೇಗೌಡನ ಸೊಸೆ ಕೇತಿಗೆ ಬೆಳಗಿನಿಂದ ಹೆರಿಗೆ ನೋವು. ಎತ್ತುವ ಹಾಗಿಲ್ಲ, ಬಿಡುವ ಹಾಗಿಲ್ಲ.

ಆಗ ಬೇದಮ್ಮ, ತನ್ನ ಮನೆಗೂ ಉಳಿದ ಮನೆಗಳಿಗೂ ನಡುವೆ ಒಂದು ಪಟ್ಟಿ ನೆಲ ಕೆರೆದು, ಅದರಾಚೆಯಿಂದ ಬರುವ ಬೆಂಕಿಗೆ ಎದುರಾಗಿ ನಾವೇ ಬೆಂಕಿ ಬಿಡಬೇಕು ಅಂದಳಂತೆ. ಅವಳ ಮನೆ ಬೆಂಕಿಯ ಕಡೆಗೇ ಉಳಿಯುತ್ತದಲ್ಲ ಅಂದರು. ಮನೆಯಾಚೆಯೆಲ್ಲ ಸತ್ತ ಬಿದಿರು, ಅದನ್ನು ಕಡಿದು ಅಲ್ಲಿ ಪಟ್ಟಿ ಕೆರೆಯಲು ಹೊತ್ತಿಲ್ಲ ಅಂದಳು ಬೇದಮ್ಮ.

"ಮನೆ ನಿಂತು ಉರಿದ್ರೆ ಕಿಡಿ ನಿಮ್ಮ ಸೂರಿಗೆ ಹಾರ್ತದೆ ಗೌಡ. ಕೆಡವಿ ಮಲಗಿಸಿ. ನಾನೇ ಹಚ್ತೀನಿ" ಅಂದಳಂತೆ.

ಗೌಡನೇ ಮೊದಲು ಗುದ್ದಲಿ ಹಿಡಿದು ಪಟ್ಟಿ ಕೆರೆಯಲು ನಿಂತ. ಗಂಡಸರು ಕಂಬ ಎಳೆದು ಕೆಡವಿದರು. ಅವಳು ಬಿತ್ತನೆ ರಾಗಿಯ ಮಡಕೆ ಒಂದನ್ನು ಮಾತ್ರ ಈಚೆ ತಂದಳು. ಬೇದಮ್ಮ ಉಗಿದಳು, ಬೆಂಕಿ ತಿರುಗಿತು ಅಂತ ಹೇಳುವವರಿದ್ದಾರೆ. ನಮ್ಮಜ್ಜಿ ಹಾಗೆ ಹೇಳುತ್ತಿರಲಿಲ್ಲ. ಬೇದಮ್ಮನ ಕೈಯಿಂದ ಎರಡು ಸಲ ಕೊಳ್ಳಿ ಕೆಳಗೆ ಬಿತ್ತಂತೆ.

ಹಚ್ಚಿದ ಬೆಂಕಿ ಮೊದಲು ಕಾಡಿನ ಕಡೆ ತೆವಳಿತು. ಅಷ್ಟರಲ್ಲಿ ಗಾಳಿ ಎದ್ದು ಅದು ಪೋಡಿನತ್ತಲೇ ಬಾಗಿತು. ಹಸಿಸೊಪ್ಪು ಹಿಡಿದು ಬಡಿದರು. ಕೈ ಬೊಬ್ಬೆ ಎದ್ದರೂ ಬಡಿದರು. ಒಂದು ಸೂರಿಗೆ ಕಿಡಿ ಬಿತ್ತು, ಹೆಂಗಸರು ಹುಲ್ಲನ್ನೇ ಕಿತ್ತೆಸೆದರು. ಒಳಗೆ ಕೇತಿಯ ನರಳಾಟ ನಿಂತುಹೋಯಿತು. ಯಾಕೆ ನಿಂತಿತು ಅಂತ ಕೇಳುವ ಧೈರ್ಯ ಯಾರಿಗೂ ಇರಲಿಲ್ಲವಂತೆ.

ಕೊನೆಗೆ ಎರಡು ಬೆಂಕಿ ಎದುರುಬದುರಾಗಿ, ಒಂದು ಸಲ ಮರದೆತ್ತರ ಎದ್ದು, ತಿನ್ನಲು ಏನೂ ಸಿಗದೆ ಕುಸಿದವು. ಆಗ ಗುಡಿಸಲೊಳಗೆ ಕೂಸು ಮೊದಲು ಕೆಮ್ಮಿತಂತೆ, ಆಮೇಲೆ ಅತ್ತಿತಂತೆ. ತಾಯಿಯೂ ಉಳಿದಳಂತೆ.

ಬೇದಮ್ಮ ಮೂರು ದಿನ ಬೂದಿಯ ಪಕ್ಕ ಕೂತಳು. ಹೊಸ ಮನೆಗೆ ಹೊದಿಸಲು ಬೆಟ್ಟದಲ್ಲಿ ಒಂದು ಎಸಳು ಹುಲ್ಲೂ ಉಳಿದಿರಲಿಲ್ಲ. ನಾಲ್ಕನೇ ದಿನ ಅಚ್ಚುಗೇಗೌಡ ತನ್ನ ಸೂರನ್ನೇ ಬಿಚ್ಚಿ ಒಂದು ಹೊರೆ ತಂದು ಅವಳ ಮುಂದೆ ಇಟ್ಟ. "ನಮ್ಮದು ಸೋರಲಿ ಕಣವ್ವ" ಅಂದನಂತೆ. ಹಿಂದೆಯೇ ಉಳಿದ ಮನೆಯವರೂ ತಂದರು.

ಈಗ ಇಲ್ಲಿ ಹುಲ್ಲಿನ ಮನೆ ಇಲ್ಲ, ಎಲ್ಲ ಹೆಂಚು, ತಗಡು. ಆದರೂ ಯಾರು ಹೊಸಮನೆ ಕಟ್ಟಿದರೂ ಮನೆಗೊಂದು ಹಿಡಿ ಹುಲ್ಲು ತಂದು ಬಾಗಿಲಲ್ಲಿ ಇಡುತ್ತೇವೆ. ಬೇದಮ್ಮನ ಪಾಲು ಅಂತೀವಿ. ಅದು ಬರುವತನಕ ಆ ಮನೆಯಲ್ಲಿ ಒಲೆ ಹಚ್ಚುವುದಿಲ್ಲ.