ಹಿಟ್ಟಿನ ಸೊಂಟಕ್ಕೊಂದು ಬೆಲ್ಟು

ಮಡಿಕೇರಿಯ ಚಳಿಯಲ್ಲಿ ಇಡ್ಲಿ ಹಿಟ್ಟು ಸುಲಭಕ್ಕೆ ಉಬ್ಬುವುದಿಲ್ಲ. ಅದಕ್ಕೇ ಅಲ್ಲಿನ ಒಂದು ಹೋಟೆಲಿನಲ್ಲಿ ಹಿಟ್ಟಿನ ಡ್ರಮ್ಮಿಗೆ ಕರೆಂಟಿನ ಹೀಟರ್ ಬೆಲ್ಟು ಸುತ್ತಿದ್ದರು. ರುಬ್ಬುವ ಕೆಲಸದ ಜಾನಕ್ಕ ಅದರ ಥರ್ಮೋಸ್ಟಾಟನ್ನು ಮೂವತ್ತು ಡಿಗ್ರಿಗೆ ಇಟ್ಟಿದ್ದಳು.

ಮ್ಯಾನೇಜರ್ ಶಂಭಯ್ಯನವರು ಕೂತಲ್ಲಿಂದಲೇ ಗುಡುಗಿದರು. ಬೆನ್ನುನೋವೆಂದು ಅವರ ಸೊಂಟಕ್ಕೂ ಅಂಥದೇ ಒಂದು ಬೆಲ್ಟು ಕಟ್ಟಿತ್ತು.

"ಬೆಳಗ್ಗೆ ಮದುವೆ ಮನೆಗೆ ಇಡ್ಲಿ ಹೋಗಬೇಕು. ಫುಲ್ಲಿಗೆ ತಿರುಗಿಸು, ಬೇಗ ಉಬ್ಬಲಿ!"

"ಫುಲ್ಲಿಗಿಟ್ಟರೆ ಅಂಚಿನ ಹಿಟ್ಟು ಬೆಂದುಹೋಗುತ್ತೆ ಸಾರ್."

"ನನಗೇ ಪಾಠಾನಾ? ಇಡ್ಲಿ ಕೆಟ್ಟರೆ ನಾಳೆಯಿಂದ ನೀನು ಬರಬೇಡ."

ಅವರ ಮಾತು ಕೇಳಿದರೆ ಇಡ್ಲಿ ಕೆಡುತ್ತದೆ. ಕೆಟ್ಟರೆ ಹೋಗುವುದು ಇವಳ ಕೆಲಸ. ಜಾನಕ್ಕ ಡ್ರಮ್ಮಿನ ಹತ್ತಿರ ಹೋಗಲೇ ಇಲ್ಲ. ನೆಟ್ಟಗೆ ಶಂಭಯ್ಯನವರ ಕುರ್ಚಿಯ ಹಿಂದೆ ಹೋಗಿ, ಅವರ ಬೆಲ್ಟಿನ ನಾಬನ್ನು ಫುಲ್ಲಿಗೆ ತಿರುಗಿಸಿ, ಕೈಕಟ್ಟಿ ನಿಂತಳು.

ಸ್ವಲ್ಪ ಹೊತ್ತಿಗೆ ಶಂಭಯ್ಯನವರು ಕುರ್ಚಿಯಿಂದ ಎಗರಿ ಎದ್ದರು.

"ಅಯ್ಯಯ್ಯೋ! ನನ್ನನ್ನೇನು ಬೇಯಿಸ್ತೀಯಾ?"

"ನೋವು ಬೇಗ ಹೋಗಲಿ ಅಂತ ಸಾರ್."

"ಹೀಗಿಟ್ಟರೆ ಚರ್ಮ ಹೋಗುತ್ತೆ, ನೋವೆಲ್ಲಿ ಹೋಗುತ್ತೆ!"

"ಹಿಟ್ಟೂ ಅದನ್ನೇ ಹೇಳ್ತಿತ್ತು ಸಾರ್. ಪಾಪ, ಅದಕ್ಕೆ ಬಾಯಿಲ್ಲ."