ಟೈರಿನ ಸಂದಿನ ಹಿಮ

"ಗುರುಗಳೇ, ಮನಸ್ಸಿಗೆ ಮೆತ್ತಿಕೊಂಡದ್ದನ್ನೆಲ್ಲ ಕೆರೆದು ತೆಗೆದರೆ ತಾನೇ ಮುಂದೆ ಸಾಗುವುದು?" ಎಂದು ಶಿಷ್ಯನು ಕೇಳಿದನು. ಅವನ ಕೈಯಲ್ಲಿ ಇನ್ನೂ ಒಡೆಯದ ಕಾಗದವಿತ್ತು. "ಮನೆ ಬಿಟ್ಟು ಎಂಟು ವರ್ಷವಾಯಿತು. ಎಲ್ಲ ಬಿಟ್ಟೆ. ಅಕ್ಕ ಮಾತ್ರ ಪ್ರತಿ ವರ್ಷ ಪಂಚಮಿ ಹಬ್ಬಕ್ಕೆ ಬರೆಯುತ್ತಾಳೆ. ಇಷ್ಟು ವರ್ಷ ಓದಿ ಎತ್ತಿಟ್ಟೆ. ಈ ಸಲ ಓದದೆ ಒಲೆಗೆ ಹಾಕಿಬಿಡಲೇ?"

"ಒಲೆ ಎಲ್ಲಿಗೂ ಓಡಿಹೋಗುವುದಿಲ್ಲ. ಮೊದಲು ಕೂತುಕೋ ಮಾರಾಯ" ಎಂದು ಗುರುಗಳು ಕತೆ ತೆಗೆದರು.

ಒಬ್ಬ ಚಾಲಕನಿದ್ದ. ವೇಗದ ಕಾರು, ಅದಕ್ಕೆ ತಕ್ಕ ಟೈರು. ಬಿಸಿಲು, ಮಳೆ, ಹಿಮ ಮೂರಕ್ಕೂ ಆಗುತ್ತದೆಂದು ಅಂಗಡಿಯವನು ಹೇಳಿ ಕೊಟ್ಟಿದ್ದ. ಎಲ್ಲಿ ನಿಂತರೂ ಇಳಿದು, ಟೈರಿನ ಸಂದುಗಳಲ್ಲಿ ಸಿಕ್ಕಿಕೊಂಡ ಕಲ್ಲನ್ನು ಸ್ಕ್ರೂಡ್ರೈವರಿನಿಂದ ಕೆರೆದು ತೆಗೆಯುವನು. ಒಳ್ಳೆಯ ಅಭ್ಯಾಸವೇ. ಆದರೆ ಇವನಿಗೆ ಅದು ವ್ರತವಾಗಿಬಿಟ್ಟಿತ್ತು.

ಒಂದು ಬೆಳಗ್ಗೆ ಅವನ ಹೆಂಡತಿಗೆ ಹೆರಿಗೆ ನೋವು ಬಂತು. ಆಸ್ಪತ್ರೆ ಇದ್ದದ್ದು ಹಿಮದ ಬೆಟ್ಟದಾಚೆ. ಕೂರಿಸಿಕೊಂಡು ಹೊರಟ. ಒಣ ರಸ್ತೆಯ ತಿರುವುಗಳಲ್ಲಿ ಟೈರು ನೆಲವನ್ನು ಕಚ್ಚಿ ಹಿಡಿಯಿತು. ಆಮೇಲೆ ಮಳೆ. ಸಂದುಗಳು ನೀರನ್ನು ಆಚೆ ಚಿಮ್ಮಿ ರಬ್ಬರಿಗೆ ನೆಲ ಬಿಡಿಸಿಕೊಟ್ಟವು. ಕಾರು ಎಷ್ಟೇ ದೊಡ್ಡದಿರಲಿ, ನೆಲಕ್ಕೆ ತಾಗುವುದು ನಾಲ್ಕು ಅಂಗೈಯಗಲದ ರಬ್ಬರು. ಮೂರು ಜೀವ ಅದನ್ನೇ ನಂಬಿ ಸಾಗುತ್ತಿದ್ದವು. ನೆನೆದರೆ ನನಗೆ ಈಗಲೂ ಮೈ ಜುಮ್ಮೆನ್ನುತ್ತದೆ.

ಮೇಲೆ ಹಿಮ ಬಿದ್ದಿತ್ತು. ಕಡಿದಾದ ಏರಿನ ಬುಡದಲ್ಲಿ ಕಾರು ನಿಲ್ಲಿಸಿ ಇಳಿದು ನೋಡಿದ. ಸಂದುಗಳೆಲ್ಲ ಹಿಮದಿಂದ ಮುಚ್ಚಿಹೋಗಿದ್ದವು. ಹೆಂಡತಿ ಒಳಗೆ ನರಳುತ್ತಿದ್ದರೂ ನಾಲ್ಕೂ ಟೈರನ್ನು ಕೆರೆದು ಕಪ್ಪಗೆ ಮಾಡಿದ. ಕಾರು ಹತ್ತಿದ. ಚಕ್ರ ನಿಂತಲ್ಲೇ ಗಿರಗಿರ ತಿರುಗಿತು. ಕಾರು ಪ್ರಪಾತದ ಕಡೆಗೆ ಒಂದು ಮಾರು ಹಿಂದಕ್ಕೆ ಜಾರಿ ನಿಂತಿತು.

ರಸ್ತೆಯ ಹಿಮ ತೆಗೆಯುವ ಮುದುಕಿಯೊಬ್ಬಳು ಸಲಿಕೆ ಹಿಡಿದು ಓಡಿಬಂದಳು. "ಏನು ಮಾಡಿದೆಯಪ್ಪಾ?"

"ಹಿಮ ಮೆತ್ತಿಕೊಂಡಿತ್ತು ತಾಯಿ. ಕೆರೆದು ತೆಗೆದೆ."

"ತೆಗೆಯುವುದೊಂದೇ ಗೊತ್ತು ನಿನಗೆ. ಮಳೆಯಲ್ಲಿ ನೀರನ್ನು ಆಚೆ ಹಾಕುವ ಸಂದೇ ಇಲ್ಲಿ ಹಿಮವನ್ನು ಒಳಗೆ ಇಟ್ಟುಕೊಳ್ಳುತ್ತದೆ. ಬರೀ ರಬ್ಬರಿನಿಂದ ಇಲ್ಲಿ ಆಗುವುದಿಲ್ಲ. ಹಿಮವನ್ನು ಹಿಡಿಯುವುದು ಹಿಮವೇ. ಈ ಜಾಗ ತುಳಿದು ನುಣ್ಣಗಾಗಿದೆ. ಬೆಟ್ಟದ ಬದಿಗೆ ತಿರುಗಿಸಿ ಹೊಸ ಹಿಮದ ಮೇಲೆ ಮೆಲ್ಲಗೆ ಉರುಳಿಸು. ಸಂದು ತುಂಬಿಕೊಳ್ಳಲಿ."

ಹಾಗೆಯೇ ಮಾಡಿದ. ಕಪ್ಪು ಟೈರು ಮತ್ತೆ ಬೆಳ್ಳಗಾಯಿತು. ಕಾರು ಏರು ಹತ್ತಿತು, ಬೆರಳಷ್ಟೂ ಜಾರಲಿಲ್ಲ. ಅವನು ಕೈಮುಗಿಯಲು ಹೋದರೆ, ಸ್ಟಿಯರಿಂಗ್ ಬಿಡಬೇಡವೋ ಎಂದು ಮುದುಕಿ ಬೈದಳು. ಮಗು ಆಸ್ಪತ್ರೆಯಲ್ಲೇ ಹುಟ್ಟಿತು. ಅವನು ಹೊರಗೆ ಬಂದು ಟೈರಿನ ಮುಂದೆ ಕುಕ್ಕರುಗಾಲಲ್ಲಿ ಕೂತು, ಸಂದಿನಲ್ಲಿದ್ದ ಹಿಮವನ್ನು ಮುಟ್ಟಿ ಕಣ್ಣಿಗೆ ಒತ್ತಿಕೊಂಡ.

ಕತೆ ಮುಗಿಯಿತು. ಶಿಷ್ಯನು ಕಾಗದವನ್ನು ತಿರುಗಿಸಿ ತಿರುಗಿಸಿ ನೋಡುತ್ತಿದ್ದನು. ಗುರುಗಳು ಕೇಳಿದರು:

"ಎಂಟು ವರ್ಷ ಈ ಏರಿನಲ್ಲಿ ನಿನ್ನನ್ನು ಜಾರದಂತೆ ಹಿಡಿದದ್ದು ನಿನ್ನ ವೈರಾಗ್ಯ ಅಂದುಕೊಂಡೆಯಾ?"

ಶಿಷ್ಯನು ಅಕ್ಕನ ಕಾಗದದ ಅಂಚನ್ನು ಮೆಲ್ಲಗೆ ಬಿಡಿಸಿದನು.